ಗೋಡೆಯಾಚೆ ಓಡಿದ ಮಗ್ಗ

ಹುಲೆಪ್ಪ ಚಹಾದ ಬಸಿ ಕೆಳಗಿಟ್ಟು ಕಿವಿಗೊಟ್ಟ. ಗೋಡೆಯಾಚೆ ಜಕ್ಕಪ್ಪನ ಶೆಡ್ಡಿನಲ್ಲಿ ಯಾವುದೋ ಒಂದು ಮಗ್ಗ ಅಂಕೆ ತಪ್ಪಿ ಓಡುತ್ತಿತ್ತು. ಉಳಿದ ಮಗ್ಗಗಳ ಹೊಡೆತ ಎಂದಿನಂತೆ ಬೀಳುತ್ತಿತ್ತು. ಅವುಗಳ ನಡುವೆ ಈ ಒಂದರ ಸದ್ದು ಮಾತ್ರ ಮೆತ್ತಗೆ, ಆದರೆ ದುಪ್ಪಟ್ಟು ವೇಗದಲ್ಲಿ ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೊಮ್ಮೆ ತಡವರಿಸಿ ಮತ್ತೆ ಹಿಡಿಯುತ್ತಿತ್ತು. ಹೀಗೇ ಬಿಟ್ಟರೆ ಲಾಳಿ ಹಾರಿ ಯಾರದಾದರೂ ಕಣ್ಣಿಗೆ ಬಡಿಯುವುದು ಖಂಡಿತ. ಅವನು ಅರ್ಧ ಚಹಾ ಬಿಟ್ಟು ಎದ್ದು, ಗೂಟದ ಮೇಲಿದ್ದ ಟೋಪಿ ತಲೆಗಿಟ್ಟುಕೊಂಡ.

ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ನೋಡಿದ. ಅಡಿಗೆ ಮನೆಯ ಬಾಗಿಲಲ್ಲಿ ಹೆಂಡತಿ ಕರೆವ್ವ ನಿಂತಿದ್ದಳು. ಸೆರಗು ತಲೆಯಿಂದ ಇಳಿದು ಬಾಯಿಗೆ ಅಡ್ಡವಾಗಿತ್ತು, ಮುಖ ಗೋಡೆಯ ಕಡೆಗಿತ್ತು. ಈಚೆಗೆ ಅವಳು ಏನೂ ಹೇಳುವುದೇ ಇಲ್ಲ ಎಂದುಕೊಂಡು ಅವನು ನಡೆದ.

ಜಕ್ಕಪ್ಪ ಶೆಡ್ಡಿನ ಮುಂದಿನ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ.

“ಲೇ ಜಕ್ಕಪ್ಪ, ನಿನ್ನ ಮಗ್ಗ ಒಂದು ಹುಚ್ಚು ಹಿಡದಂಗ ಓಡಾಕತ್ತೈತಿ. ಬಂದ್ ಮಾಡ್ಸು ಮದ್ಲ.”

“ನನ್ನ ಮಗ್ಗಾ?” ಜಕ್ಕಪ್ಪ ಸುಣ್ಣದ ಬೆರಳು ಮೇಲೆತ್ತಿ ನಕ್ಕ. “ಅವು ನಡದರ ಸಾಕಾಗೈತಿ ಮಾರಾಯ, ಓಡೂದು ದೂರ ಉಳೀತು. ಬಾ, ನೀನ ನೋಡು.”

ಒಳಗೆ ನಾಲ್ಕೂ ಮಗ್ಗ ಹದವಾಗಿ ಓಡುತ್ತಿದ್ದವು. ಹುಲೆಪ್ಪ ಒಂದೊಂದರ ಚೌಕಟ್ಟಿನ ಮೇಲೂ ಕೈಯಿಟ್ಟು ನೋಡಿದ, ಮಗ್ಗ ತಿರುಗಿಸುವ ಪಟ್ಟಾ ಬಿಗಿ ನೋಡಿದ, ಮೋಟಾರು ಮುಟ್ಟಿದ. ದೂರಲು ಏನೂ ಇರಲಿಲ್ಲ.

“ಕರೆಂಟ್ ಏನರ ಹೆಚ್ಚಿಗಿ ಬಂದಿತ್ತೇನು?”

“ಬನಹಟ್ಟಿಗಿ ಕರೆಂಟ್ ಬರೂದ ದೊಡ್ಡದು, ಹೆಚ್ಚಿಗಿ ಬೇರೆ!” ಎಂದ ಜಕ್ಕಪ್ಪ. “ನಿನ್ನ ಕಿವಿಗಿ ಗಾಳಿ ಹೊಕ್ಕೈತಿ. ಎರಡ ಹನಿ ಬೆಳ್ಳುಳ್ಳಿ ಎಣ್ಣಿ ಬಿಟ್ಕೊ ಹೋಗು.”

ಮನೆಗೆ ಬಂದಾಗ ಆ ಸದ್ದು ನಿಂತಿತ್ತು. ಚಹಾದ ಬಸಿಯೂ ಇರಲಿಲ್ಲ. ಕರೆವ್ವ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ನಾನು ಹೋಗಿಬಂದ ಮೇಲೆ ಜಕ್ಕಪ್ಪ ಗುಟ್ಟಾಗಿ ಏನೋ ಸರಿಮಾಡಿರಬೇಕು, ಮರ್ಯಾದೆಗೆ ಅಂಜಿ ಹೇಳಲಿಲ್ಲ ಎಂದುಕೊಂಡ ಹುಲೆಪ್ಪ.

ತನ್ನ ಕಿವಿ ಸುಳ್ಳು ಹೇಳಿರಬಹುದು ಎಂಬ ಅನುಮಾನ ಅವನಿಗೆ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ. ರಬಕವಿ-ಬನಹಟ್ಟಿಯಲ್ಲಿ ಕೆಟ್ಟ ಮಗ್ಗ ಬಿಚ್ಚಿ ಜೋಡಿಸುವವರು ಬಹಳ ಜನ ಇದ್ದರು. ಹುಲೆಪ್ಪ ಮಾತ್ರ ಬಾಗಿಲಲ್ಲೇ ನಿಂತು, ಕಣ್ಣು ಅರ್ಧ ಮುಚ್ಚಿ, “ಆ ಮೂಲ್ಯಾಗಿಂದು ಎಳದ ಎಳದ ನಡದೈತಿ” ಎನ್ನುತ್ತಿದ್ದ. ಹೋಗಿ ನೋಡಿದರೆ ಪಟ್ಟಾ ಜಾರುತ್ತಿರುತ್ತಿತ್ತು.

ಇದರಲ್ಲಿ ಮಂತ್ರವೇನೂ ಇರಲಿಲ್ಲ. ಅವನು ಎರಡು ಮಗ್ಗಗಳನ್ನು ಜೋಡಿ ಮಾಡಿ ಕೇಳುತ್ತಿದ್ದ. ಎರಡರ ವೇಗವೂ ಒಂದೇ ಆಗಿದ್ದರೆ ಅವುಗಳ ಹೊಡೆತದ ನಡುವಿನ ಅಂತರ ಕದಲುವುದಿಲ್ಲ. ಒಂದು ಕೂದಲೆಳೆಯಷ್ಟು ಹಿಂದೆ ಬಿದ್ದರೂ ಅಂತರ ಸರಿಯತೊಡಗುತ್ತದೆ. ಈಗ ಎರಡೂ ಕೂಡಿ ಒಂದೇ ದೊಡ್ಡ ಹೊಡೆತ. ಸ್ವಲ್ಪ ಹೊತ್ತಿಗೆ ಬಿಡಿಬಿಡಿಯಾಗಿ ಎರಡು. ಮತ್ತೆ ಕೂಡಿ ಒಂದು. ಹೊಡೆತಗಳ ಮೇಲೆ ಹೀಗೆ ಉಬ್ಬಿ ಇಳಿಯುವ ಇನ್ನೊಂದು ನಿಧಾನದ ಅಲೆ ಹುಟ್ಟುತ್ತದೆ. ಅಲೆ ಬೇಗಬೇಗ ಬಂದರೆ ವ್ಯತ್ಯಾಸ ದೊಡ್ಡದು, ತಡೆದು ಬಂದರೆ ಸಣ್ಣದು. ಅಲೆ ಪೂರ್ತಿ ನಿಲ್ಲುವವರೆಗೆ ಅವನು ಪಾನಾ ಹಿಡಿದು ಬಿಗಿಯುತ್ತಿದ್ದ, ಸಡಿಲಿಸುತ್ತಿದ್ದ.

ಸದ್ದಿನ ಏರಿಳಿತಕ್ಕೆ ಕಿವಿಗೊಡುವುದನ್ನು ಅವನಿಗೆ ಕಲಿಸಿದವನು ತಂದೆ ಮುದಕಪ್ಪ. ಮುದಕಪ್ಪನದು ಕೈಮಗ್ಗ, ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವಂಥದು. ಓಣಿಯಲ್ಲಿ ನಡೆಯುತ್ತ, ಒಂದೊಂದು ಮನೆಯ ಮುಂದೆ ನಿಂತು, “ಇವತ್ತ ಇಂವಾ ಉಂಡಿಲ್ಲ”, “ಇಂವಗ ಜಗಳ ಆಗೈತಿ” ಎಂದು ಮಗ್ಗದ ನಡೆ ಕೇಳಿಯೇ ಹೇಳುತ್ತಿದ್ದ. ಹುಲೆಪ್ಪ ಬೆಳೆಯುವ ಹೊತ್ತಿಗೆ ಕರೆಂಟಿನ ಮಗ್ಗ ಬಂದವು. ಕರೆಂಟಿಗೆ ಹಸಿವೂ ಇಲ್ಲ, ಜಗಳವೂ ಇಲ್ಲ. ಮೀಸೆ ಮೂಡುವ ಮೊದಲೇ ಅವನು ಬಸಗೊಂಡಪ್ಪ ಸಾವಕಾರರ ಶೆಡ್ಡು ಸೇರಿದ. ಅಲ್ಲೇ ನೇಯ್ದ, ಅಲ್ಲೇ ರಿಪೇರಿ ಕಲಿತ, ಅಲ್ಲೇ ನಲವತ್ತು ದಾಟಿದ.

ಇಪ್ಪತ್ತು ಮೂವತ್ತು ಮಗ್ಗ ಒಟ್ಟಿಗೆ ಹೊಡೆಯುವ ಶೆಡ್ಡಿನೊಳಗೆ ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲ. ಅಲ್ಲಿ ಯಾರೂ ದನಿ ತೆಗೆಯುವುದಿಲ್ಲ. ತುಟಿಯನ್ನು ಅಗಲವಾಗಿ ಆಡಿಸುತ್ತಾರೆ, ಹುಬ್ಬು ಕುಣಿಸುತ್ತಾರೆ, ಬೆರಳಲ್ಲಿ ತೋರಿಸುತ್ತಾರೆ. ಶೆಡ್ಡಿನ ಈ ತಲೆಯಿಂದ ಆ ತಲೆಗೆ ಬೈಗುಳವೂ ದಾಟುತ್ತದೆ, ಮದುವೆಯ ಮಾತೂ ದಾಟುತ್ತದೆ. ಹೊರಗೆ ಬಂದ ಮೇಲೂ ನೇಕಾರರು ಹಾಗೇ ಎದುರಿಗೆ ನಿಂತು, ತುಟಿ ಬಿಚ್ಚಿ ಮಾತಾಡುತ್ತಾರೆ. ಅವರ ನಡುವೆ ಒಬ್ಬನ ಕಿವಿ ಸೋತರೆ ಗೊತ್ತಾಗುವುದಾದರೂ ಹೇಗೆ? ಬೇರೆಯವರಿಗೆ ಗೊತ್ತಾಗುವುದಿಲ್ಲ. ಅವನಿಗೂ ಗೊತ್ತಾಗುವುದಿಲ್ಲ. ಹುಲೆಪ್ಪನಿಗೆ ಅನ್ನಿಸಿದ್ದು ಇಷ್ಟೇ: ಜನ ಈಗ ಮೊದಲಿನಷ್ಟು ಮಾತಾಡುವುದಿಲ್ಲ, ಅದರಲ್ಲೂ ಕತ್ತಲಾದ ಮೇಲೆ ಯಾರೂ ಬಾಯಿ ತೆರೆಯುವುದಿಲ್ಲ. ಗುಬ್ಬಿಗಳೂ ಕಡಿಮೆಯಾಗಿವೆ ಎಂದು ಅವನು ಒಮ್ಮೆ ಜಕ್ಕಪ್ಪನಿಗೆ ಹೇಳಿದ್ದ. ಜಕ್ಕಪ್ಪನಿಗೂ ಹಾಗೇ ಅನ್ನಿಸಿತ್ತು.

ಕರೆವ್ವ ಮಾತ್ರ ನೇಕಾರರ ಮಗಳಲ್ಲ, ಚಿಮ್ಮಡದ ಒಕ್ಕಲುತನದ ಮನೆಯವಳು. ತುಟಿ ಬಿಚ್ಚಿ ಮಾತಾಡುವುದು ಅವಳ ತವರಿನಲ್ಲಿ ಹೆಂಗಸರ ಲಕ್ಷಣವಲ್ಲ. ಅದರ ಮೇಲೆ, ಮಾವ ಪಡಸಾಲೆಯಲ್ಲಿ ಕೂತಿರುವಾಗ ಸೊಸೆ ಗಂಡನ ಮುಖ ನೋಡಿ ಮಾತಾಡಬಾರದು. ಅವಳು ಸೆರಗಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದು, ಗೋಡೆಗೋ ಒಲೆಗೋ ಹೇಳುವಂತೆ ಹೇಳುತ್ತಿದ್ದಳು: “ಜ್ವಾಳ ಮುಗದಾವಂತ ಹೇಳ್ರಿ.” ಗೋಡೆ ಕೇಳಿಸಿಕೊಳ್ಳುತ್ತಿತ್ತೋ ಇಲ್ಲವೋ, ಆಗ ಹುಲೆಪ್ಪನಿಗೆ ಕೇಳುತ್ತಿತ್ತು.

ಮುದಕಪ್ಪ ತೀರಿಕೊಂಡ ಮೇಲೂ ಅವಳ ರೂಢಿ ಬಿಡಲಿಲ್ಲ. “ಮಾವಾರ ಫೋಟೋ ಗ್ವಾಡಿ ಮ್ಯಾಲಿಂದ ನೋಡಾಕತ್ತೈತಲ್ರಿ” ಎಂದು ಒಮ್ಮೆ ನಕ್ಕಿದ್ದಳು. ಹುಲೆಪ್ಪನ ನೆನಪಿನಲ್ಲಿ ಉಳಿದ ಅವಳ ಕೊನೆಯ ಮಾತು ಅದೇ. ಅದರ ನಂತರ ಯಾವಾಗ ಮಾತು ನಿಂತಿತು ಎಂದು ಅವನು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನಿಂತ ದಿನ ಎಂಬುದೊಂದು ಇರಲೇ ಇಲ್ಲ. ಮಕ್ಕಳಾಗಲಿಲ್ಲವೆಂಬ ಕೊರಗು ಇಬ್ಬರಿಗೂ ಇತ್ತು. ಅದನ್ನೇ ಅವಳು ಒಳಗೆ ಬೆಳೆಸಿಕೊಂಡಿದ್ದಾಳೆ, ತಪ್ಪು ನನ್ನದೆಂದು ತಿಳಿದು ಮುಖ ತಿರುವಿದ್ದಾಳೆ ಎಂದು ಅವನು ತೀರ್ಮಾನಿಸಿದ. ಮಾತಾಡದವಳನ್ನು ಮಾತಾಡಿಸಲು ಅವನಿಗೂ ಬರಲಿಲ್ಲ. ಸಂಜೆ ಪಡಸಾಲೆಯಲ್ಲಿ, ಅಡಿಗೆ ಮನೆಗೆ ಬೆನ್ನು ಹಾಕಿ ಚಹಾ ಕುಡಿಯುತ್ತಿದ್ದ. ಆಗೀಗ ಗೋಡೆಯಾಚೆ ಆ ಹುಚ್ಚು ಮಗ್ಗ ಓಡುವುದು ಕೇಳುತ್ತಿತ್ತು. ಎದ್ದು ಹೋಗಿ ನೋಡುತ್ತಿದ್ದ. ಪ್ರತಿ ಸಲ ಜಕ್ಕಪ್ಪ ನಗುತ್ತಿದ್ದ, ಪ್ರತಿ ಸಲ ಮನೆಗೆ ಬರುವಷ್ಟರಲ್ಲಿ ಸದ್ದು ನಿಂತಿರುತ್ತಿತ್ತು.

ಸುಗ್ಗಿಗೆಂದು ತವರಿಗೆ ಹೋದ ಕರೆವ್ವ ಸುಗ್ಗಿ ಮುಗಿದರೂ ಬರಲಿಲ್ಲ. ಮಳೆಗಾಲ ಬಂತು, ಹೋಯಿತು. ಹುಲೆಪ್ಪ ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಉಂಡ. ದಸರೆಯ ಹೊತ್ತಿಗೆ ಅವಳ ತಮ್ಮ ನಿಂಗಣ್ಣ ಸಂತೆಯಲ್ಲಿ ಎದುರಾದ.

“ಅಕ್ಕ ಬರೂದಿಲ್ಲಂತ ಮಾವಾ.”

“ಯಾಕಂತ?”

“ಅದನ್ನ ನೀವ ನಿಮಗ ಕೇಳ್ಕೋರಿ.” ನಿಂಗಣ್ಣ ಕೈಯಲ್ಲಿದ್ದ ಹಗ್ಗ ಸುತ್ತುತ್ತ ನಿಂತ. ಮೆತ್ತಗಿನ ಮನುಷ್ಯ, ಇಂಥ ಮಾತು ಅವನಿಗೂ ಕಷ್ಟ. “ದೀಪಾವಳಿ ಆದಮ್ಯಾಲ ಬಂಡಿ ತರ್ತೇನಿ. ಆಕಿ ತವರಿಂದ ತಂದ ಭಾಂಡೆ, ಟ್ರಂಕು ಒಯ್ಯತೇನಿ. ಅಲ್ಲೇ ನಮ್ಮ ಮನ್ಯಾಗ ಒಂದು ಖೋಲಿ ಬಿಟ್ಟುಕೊಡತೇವಿ, ಇರ್ತಾಳ.”

ಭಾಂಡೆ ಒಯ್ದ ಹೆಂಗಸು ಮತ್ತೆ ಬರುವುದಿಲ್ಲ. ಹುಲೆಪ್ಪ ಆ ಸಂಜೆ ಮನೆಗೆ ಬಂದು, ಗೋಡೆಯ ಮಾಡದ ಮೇಲೆ ಬೋರಲು ಹಾಕಿದ್ದ ಹಿತ್ತಾಳೆ ಕೊಡಗಳನ್ನು ನೋಡುತ್ತ ಕೂತ. ಗೋಡೆಯಾಚೆ ನಾಲ್ಕು ಮಗ್ಗ, ನಾಲ್ಕೂ ಹದವಾಗಿ. ಹುಚ್ಚು ಮಗ್ಗದ ಸದ್ದು ಸುಗ್ಗಿಯಿಂದಲೇ ಇರಲಿಲ್ಲ. ಅಂತೂ ಜಕ್ಕಪ್ಪ ಅದನ್ನು ರಿಪೇರಿ ಮಾಡಿಸಿದ್ದಾನೆ ಎಂದುಕೊಂಡ. ಆ ಸದ್ದು ಇಲ್ಲದ ಮನೆ ಮಾತ್ರ ಯಾಕೋ ಇನ್ನಷ್ಟು ಬರಿದಾಗಿತ್ತು.

ದೀಪಾವಳಿಗೆ ಮುಂಚೆ ಜಮಖಂಡಿಯ ಒಂದು ಸಾಲೆಯಲ್ಲಿ ಕಿವಿ ತಪಾಸಣೆಯ ಶಿಬಿರ ನಡೆಯಿತು. ಬಸಗೊಂಡಪ್ಪ ಸಾವಕಾರರು ತಮ್ಮ ಶೆಡ್ಡಿನವರನ್ನೆಲ್ಲ ಟೆಂಪೋದಲ್ಲಿ ಹತ್ತಿಸಿ ಕಳಿಸಿದರು. ತನ್ನ ಶೆಡ್ಡು ಬಂದ್ ಮಾಡಿ ಜಕ್ಕಪ್ಪನೂ ಹತ್ತಿದ. ಜಮಖಂಡಿಗೆ ಹೋದರೆ ಚಹಾ-ಚೂಡಾ ಸಿಗುತ್ತದೆ, ಅರ್ಧ ದಿನ ಬಿಡುವು ಸಿಗುತ್ತದೆ ಎಂಬ ಖುಷಿ ಎಲ್ಲರದು.

“ಹುಲೆಪ್ಪನ ಕಿವಿ ಡಾಕ್ಟರ್ ಕಡೆ ಅಳತಿ ಮಾಡ್ಸಿ ಫೋಟೋದಂಗ ಕಟ್ಟ ಹಾಕ್ಸಿ ಇಡಬೇಕ್ರೋ” ಎಂದು ಜಕ್ಕಪ್ಪ ದಾರಿಯುದ್ದಕ್ಕೂ ಕಾಡಿದ. “ನನ್ನ ಮಗ್ಗ ನಿಂತಾಗೂ ಓಡೂದು ಕೇಳಸತೈತಿ ಇಂವಗ.”

ತಪಾಸಣೆ ಮಾಡುತ್ತಿದ್ದವಳು ಶೇವಂತಿ ಎಂಬ ತರುಣಿ. ಧಾರವಾಡದ ಕಡೆಯವಳು, ಕಿವಿಯ ವಿಷಯವನ್ನೇ ಓದುತ್ತಿದ್ದಳು. ಹುಲೆಪ್ಪನ ಕಿವಿಗಳ ಮೇಲೆ ದಪ್ಪ ಮುಚ್ಚಳದಂಥವನ್ನು ಕೂಡಿಸಿ, ಸದ್ದು ಕೇಳಿದಾಗಲೆಲ್ಲ ಬೆರಳು ಎತ್ತಲು ಹೇಳಿದಳು. ಅವನು ಮೊದಮೊದಲು ಬೇಗ ಎತ್ತಿದ. ಆಮೇಲೆ ಬಹಳ ಹೊತ್ತು ಕಾಯುತ್ತ ಕೂತ. ಅವಳ ಕೈ ಗುಂಡಿಯ ಮೇಲೆ ಆಡುತ್ತಲೇ ಇತ್ತು, ಕಿವಿಯಲ್ಲಿ ಏನೂ ಇರಲಿಲ್ಲ. ಯಂತ್ರ ಕೆಟ್ಟಿದೆ, ಪಾಪ, ಹುಡುಗಿಗೆ ತಿಳಿದಿಲ್ಲ ಎಂದು ಅವನು ಸುಮ್ಮನಿದ್ದ.

ಶೇವಂತಿ ಎದುರಿಗೆ ಬಂದು ಕೂತಳು. “ಕಾಕಾ, ನಿಮಗ ದಪ್ಪ ದನಿ ಕೇಳಸತಾವು. ತೆಳು ದನಿ ಹೋಗ್ಯಾವು.”

“ಇಲ್ಲವಾ ತಂಗಿ. ನಾ ಮಗ್ಗದ ಕೆಲಸದಾಂವ. ಯಾವ ಮಗ್ಗ ಎಷ್ಟ ಹಿಂದ ಬಿದ್ದೈತಿ, ಕೇಳಿ ಹೇಳತೇನಿ.”

“ಹಂಗೇನು?” ಅವಳ ಕಣ್ಣು ಅರಳಿದವು. ತನ್ನ ಓದಿಗೆಂದು ತಂದಿದ್ದ ಇನ್ನೊಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. “ಇದರಾಗ ಒಂದ ಗುಂಯ್ ಅನ್ನೂ ಸಪ್ಪಳ ಐತಿ. ಅದು ಉಬ್ಬತೈತಿ, ಇಳೀತೈತಿ. ಎರಡು ಸಲ ಕೇಳಸತೇನಿ. ಯಾವುದು ಬಿರಿಬಿರಿ ಓಡತೈತಿ ಹೇಳ್ರಿ.”

ಹುಲೆಪ್ಪ ಕಣ್ಣು ಅರ್ಧ ಮುಚ್ಚಿದ. ಮೊದಲನೆಯದು. ಎರಡನೆಯದು. ಮತ್ತೆ ಎರಡನೆಯದು. ವ್ಯತ್ಯಾಸ ಎಳ್ಳಷ್ಟಾಗುವವರೆಗೆ ಅವನು ಸರಿಯಾಗಿಯೇ ಹೇಳಿದ. ಅವಳು ಏರಿಳಿತದ ವೇಗವನ್ನೇ ಹೆಚ್ಚಿಸುತ್ತ ಹೋದಳು. ಒಂದು ಹಂತದ ಮೇಲೆ ಏರು ಬೇರೆ, ಇಳಿತ ಬೇರೆ ಎಂದು ಅನ್ನಿಸುವುದು ನಿಂತು, ಸದ್ದು ಬರೀ ಒರಟೊರಟಾಯಿತು, ಖಾದಿ ಬಟ್ಟೆಯ ಮೇಲೆ ಉಗುರು ಎಳೆದಂತೆ. ಅಲ್ಲಿ ಅವನು ತಡವರಿಸಿದ. ಅದು ಎಲ್ಲರಿಗೂ ಅಷ್ಟೇ ಎಂದಳು ಅವಳು. ನಿಧಾನದ ಏರಿಳಿತವನ್ನು ಕಿವಿ ಒಂದೊಂದಾಗಿ ಹಿಡಿಯುತ್ತದೆ; ತೀರ ಬಿರುಸಾದರೆ ಎಲ್ಲ ಕಲಸಿ ಒಂದು ಹದ ಮಾತ್ರ ಉಳಿಯುತ್ತದೆ.

“ಈಗ ಒಂದ ಸಪ್ಪಳ ಬಿಡದ ಕೇಳಸತೇನಿ. ವೇಗ ಬದಲಾದ ಕೂಡ್ಲೆ ಕೈ ಎತ್ತರಿ.”

ಹುಲೆಪ್ಪ ಕಾದ. ಸದ್ದು ಒಂದೇ ಸಮನೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅವನು ಕೈ ಎತ್ತಲಿಲ್ಲ. ಕೊನೆಗೆ ಅವಳು ಗುಂಡಿಯನ್ನು ಮೊದಲಿನ ಜಾಗಕ್ಕೆ ಒಮ್ಮೆಲೇ ತಿರುಗಿಸಿದಳು. ಅವನು ಬೆಚ್ಚಿ ಕಣ್ಣು ಬಿಟ್ಟ. ಅಲ್ಲಿಯವರೆಗೆ ಕೇಳುತ್ತಿದ್ದುದು ಎಷ್ಟೋ ಪಟ್ಟು ನಿಧಾನವಾಗಿತ್ತು.

“ಯಾವಾಗ ಇಳಿಸಿದೆವಾ?”

“ಸುರುವಿಂದ ಇಳಸ್ಕೋತ ಬಂದೇನಿ ಕಾಕಾ, ಬಾಳ ಸಾವಕಾಶ. ಇದನ್ನ ಯಾರೂ ಹಿಡಿಯಂಗಿಲ್ಲ. ನನಗೂ ಆಗೂದಿಲ್ಲ. ಎರಡು ಬಾಜೂಕ ಇಟ್ಟರ ಕಿವಿಗಿ ಫರಕ ತಿಳೀತೈತಿ. ಒಮ್ಮೆಲೇ ಬದಲಾದರ ತಿಳೀತೈತಿ. ದಿನಾ ಇಷ್ಟಿಷ್ಟ ಬದಲಾದರ, ನಿನ್ನಿ ಹೆಂಗಿತ್ತಂತ ಕಿವಿಗಿ ನೆನಪ ಇರೂದಿಲ್ಲ.”

ಶೇವಂತಿ ಒಂದು ಹಾಳೆ ಕೈಗೆ ತೆಗೆದುಕೊಂಡು ಬಾಯಿಗೆ ಅಡ್ಡ ಹಿಡಿದಳು. ಅವಳ ಕಣ್ಣುಗಳು ಹಾಳೆಯ ಮೇಲಿನಿಂದ ಅವನನ್ನೇ ನೋಡುತ್ತಿದ್ದವು. ಹಾಗೇ ಹೊತ್ತು ಹೋಯಿತು.

“ಯಾಕ ಸುಮ್ಮನಾದಿ ತಂಗಿ?” ಎಂದ ಹುಲೆಪ್ಪ.

ಹಾಳೆ ಇಳಿಯಿತು. “ಸುಮ್ಮನಾಗಿಲ್ಲ ಕಾಕಾ. ನಿಮ್ಮ ಊರು ಯಾವುದು, ಮನ್ಯಾಗ ಯಾರ್ಯಾರ ಇರ್ತೀರಿ ಅಂತ ಕೇಳಾಕತ್ತಿದ್ದೆ.” “ಈಗ ಜೋರಲೆ ಮಾತಾಡತೇನಿ” ಎಂದಳು. ಮತ್ತೆ ಹಾಳೆ ಏರಿತು.

ಈ ಸಲ ಹುಲೆಪ್ಪನಿಗೆ ಕೇಳಿಸಿತು. ಹಾಳೆಯ ಹಿಂದಿನಿಂದ ಬಂದದ್ದು ಮಾತಲ್ಲ. ಮೆತ್ತಗಿನ ಒಂದು ಸದ್ದು. ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೊಮ್ಮೆ ತಡವರಿಸಿ ಮತ್ತೆ ಹಿಡಿಯುತ್ತಿತ್ತು. ಮಗ್ಗದ ಹೊಡೆತದ ದುಪ್ಪಟ್ಟು ವೇಗ.

ಅವನ ಕೈ ಮೇಜಿನ ಅಂಚನ್ನು ಹಿಡಿಯಿತು.

“ಏನ ಕೇಳಸ್ತು ಕಾಕಾ?”

“ಜಕ್ಕಪ್ಪನ ಮಗ್ಗ” ಎಂದ ಹುಲೆಪ್ಪ.

ಅವಳಿಗೆ ಅರ್ಥವಾಗಲಿಲ್ಲ. ಮಾತು ಎಂದರೂ ದನಿಯ ಏರಿಳಿತವೇ, ಮಾತಾಡುವಾಗ ಸೆಕೆಂಡಿಗೆ ನಾಲ್ಕೈದು ಸಲ ಬಾಯಿ ತೆರೆದು ಮುಚ್ಚುತ್ತದೆ, ನಿಮಗೆ ಆ ನಡೆ ಉಳಿದಿದೆ, ಅಕ್ಷರ ಉಳಿದಿಲ್ಲ ಎಂದು ಅವಳು ಹೇಳುತ್ತಿದ್ದಳು. ಹುಲೆಪ್ಪ ಅವಳ ತುಟಿ ನೋಡುವುದನ್ನು ಬಿಟ್ಟಿದ್ದ. ಚಹಾದ ಬಸಿ ಬಿಟ್ಟು ಎದ್ದ ಒಂದೊಂದು ಸಂಜೆಯೂ ಕಣ್ಣ ಮುಂದೆ ಬಂತು. ಸದ್ದು ಶುರುವಾದ ಕೂಡಲೇ ಟೋಪಿ ಇಟ್ಟುಕೊಂಡು ಹೊರಟದ್ದು, ಬರುವಷ್ಟರಲ್ಲಿ ಸದ್ದು ನಿಂತಿದ್ದುದು. ಕರೆವ್ವ ಮಾತಾಡುತ್ತಿದ್ದಳು. ಅವನು ಮಗ್ಗ ಹುಡುಕಿಕೊಂಡು ಹೋಗುತ್ತಿದ್ದ.

ಟೆಂಪೋದಲ್ಲಿ ಎಲ್ಲರೂ ಚೂಡಾ ತಿಂದರು. ಜಕ್ಕಪ್ಪನ ಕಿವಿಯೂ ಅರ್ಧ ಹೋಗಿತ್ತು. ಅವನು ಅದನ್ನೇ ಹಾಸ್ಯ ಮಾಡಿಕೊಂಡ. “ಇನ್ನ ಮ್ಯಾಲ ಹೆಂಡ್ತಿ ಬೈದರ ಡಾಕ್ಟರ ಚೀಟಿ ತೋರಸತೇನಿ.” ಎಲ್ಲರೂ ನಕ್ಕರು. ಹುಲೆಪ್ಪ ಹೊರಗೆ ನೋಡುತ್ತ ಕೂತಿದ್ದ.

ಮರುದಿನ ಅವನು ಕೆಲಸಕ್ಕೆ ಹೋಗದೆ ಚಿಮ್ಮಡದ ಬಸ್ಸು ಹತ್ತಿದ. ನಿಂಗಣ್ಣ ಮನೆಯ ಮುಂದೆ ಎತ್ತಿಗೆ ಮೇವು ಹಾಕುತ್ತಿದ್ದ. “ಬರ್ರಿ ಮಾವಾ” ಎಂದು ಕಂಬಳಿ ಹಾಸಿದ, ನೀರು ಕೊಟ್ಟ. ಅದರ ಮುಂದೆ ಏನು ಹೇಳಬೇಕೆಂದು ತಿಳಿಯದೆ ಎದುರಿಗೇ ಕೂತ. ಹುಲೆಪ್ಪನ ಬೆನ್ನು ಅಡಿಗೆ ಮನೆಯ ಕಡೆಗಿತ್ತು. ಎತ್ತಿನ ಕೊರಳ ಗಂಟೆ ಅಲುಗುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

ಆಗ ಹಿಂದಿನಿಂದ ಅದು ಬಂತು. ಮೆತ್ತಗೆ, ದುಪ್ಪಟ್ಟು ವೇಗದಲ್ಲಿ.

“ನಿಂಗಣ್ಣ, ಈ ಓಣ್ಯಾಗ ಮಗ್ಗ ಅದಾವೇನು?”

“ಮಗ್ಗ ಎಲ್ಲಿಂದ ಬರಬೇಕ್ರಿ ಮಾವಾ? ನಮ್ಮದೆಲ್ಲಾ ಒಕ್ಕಲುತನ.”

ಹುಲೆಪ್ಪ ಎದ್ದು ನೇರ ಅಡಿಗೆ ಮನೆಗೆ ನಡೆದ. ಬೀಗರ ಮನೆಯಲ್ಲಿ ಗಂಡಸು ಹಾಗೆ ಒಳಗೆ ನುಗ್ಗುವುದಿಲ್ಲ; ನಿಂಗಣ್ಣ ಗಾಬರಿಯಾಗಿ ಹಿಂದೆ ಬಂದ. ಕರೆವ್ವ ಬೀಸುವ ಕಲ್ಲಿನ ಮುಂದೆ ಕೂತಿದ್ದವಳು ಚಟ್ಟನೆ ಸೆರಗೆಳೆದು ಗೋಡೆಗೆ ತಿರುಗಿದಳು. ಸದ್ದು ನಿಂತಿತು.

“ನನಗ ಕೇಳಸೂದಿಲ್ಲ” ಎಂದ ಹುಲೆಪ್ಪ.

ಸೆರಗಿನ ಹಿಂದೆ ಏನೋ ಗುನುಗಿತು. ಅವನು ನಿಂಗಣ್ಣನ ಮುಖ ನೋಡಿದ. ನಿಂಗಣ್ಣ ಸಂಕೋಚದಿಂದ, “ನೆಪ ಹುಡಿಕ್ಕೊಂಡ ಬಂದೀರಿ ಅಂತಾಳ ಮಾವಾ” ಎಂದ.

“ನೆಪ ಅಲ್ಲ. ಜಮಖಂಡ್ಯಾಗ ತೋರಸೇನಿ. ಮಾರಿ ನೋಡಿದರ ಮಾತು ತಿಳೀತೈತಿ. ಇಲ್ಲಾಂದ್ರ ಇಲ್ಲ. ನೀ ಗ್ವಾಡಿಗಿ ಮಾತಾಡತಿದ್ದಿ. ನನಗದು ಮಗ್ಗದಂಗ ಕೇಳಸ್ತಿತ್ತು. ಜಕ್ಕಪ್ಪಂದು ಒಂದ ಮಗ್ಗ ಜೋರ ಓಡಾಕತ್ತೈತಿ, ಲಾಳಿ ಹಾರತೈತಿ ಅಂತ ಎದ್ದೆದ್ದು ಹೋಗತಿದ್ದೆ.”

ಕರೆವ್ವ ಅಲುಗಲಿಲ್ಲ. ಹುಲೆಪ್ಪ ನಿಂತೇ ಇದ್ದ. ಅವಳು ಮತ್ತೇನನ್ನೋ ಹೇಳಿದಳೋ, ಇಲ್ಲವೋ, ಅವನಿಗೆ ತಿಳಿಯಲಿಲ್ಲ. ನಿಂಗಣ್ಣ ಒಮ್ಮೆ ಅಕ್ಕನನ್ನೂ ಒಮ್ಮೆ ಅವನನ್ನೂ ನೋಡಿ, ಬಾಯಿ ತೆರೆದವನು ಹಾಗೇ ಮುಚ್ಚಿದ. ಅವಳು ಪಿಸುಗುಟ್ಟಿ ಏನೋ ಕೇಳಿದ್ದಳು; ಉತ್ತರ ಬರುತ್ತದೋ ಎಂದು ಕಾಯುತ್ತಿದ್ದಳು. ಅವಳ ಹೆಗಲು ನಿಧಾನವಾಗಿ ಇಳಿದವು.

ಅವಳು ತಿರುಗಿದಳು. ಸೆರಗು ಬಾಯಿಂದ ಜಾರಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಗಲಿನಲ್ಲಿ ಅವಳ ಬಾಯನ್ನು ಹೀಗೆ ಎದುರಿಗೆ ನೋಡಿದ್ದು ಅವನಿಗೆ ನೆನಪಿರಲಿಲ್ಲ. ಮೇಲ್ದುಟಿಯ ಒಂದು ಬದಿಗೆ ಸಣ್ಣ ಮಚ್ಚೆ ಇತ್ತು.

“ಏಸ ಸಲ ಕೇಳೇನ್ರಿ ನಾ?” ಪ್ರತಿ ಮಾತೂ ಅವಳ ತುಟಿಯ ಮೇಲೆ ಅವನಿಗೆ ಕಂಡಿತು. “ಮಾವಾರು ಹ್ವಾದಮ್ಯಾಲ ಆ ಮನ್ಯಾಗ ಒಬ್ಬಾಕಿ. ಮುಂಜಾನಿಂದ ಗ್ವಾಡಿ ನೋಡ್ಕೋತ ಕುಂದ್ರೂದು. ನಾನೂ ಶೆಡ್ಡಿಗಿ ಬರ್ತೇನಿ, ಕಂಡಿಕಿ ಸುತ್ತತೇನಿ, ನಾಕ ಮಂದಿ ಮಾರಿ ನೋಡತೇನಿ ಅಂತ ಕೇಳೇನಿ. ನಾ ಬಾಯಿ ತಗದ ಕೂಡ್ಲೆ ನೀವು ಟೋಪಿ ಇಟ್ಕೊಂಡು ಹೊರಗ. ಬಂಜಿ ಮಾತು ಕೇಳೂದು ಬ್ಯಾಡಾಗೈತಿ ಅಂದ್ಕೊಂಡೆ.”

“ನೀ ನನ್ನ ಕೂಡ ಮಾತ ಬಿಟ್ಟಿ ಅಂದ್ಕೊಂಡಿದ್ದೆ ನಾ.”

ನಿಂಗಣ್ಣ ಎತ್ತಿಗೆ ನೀರು ಕುಡಿಸುವ ನೆಪ ಮಾಡಿ ಹೊರಗೆ ಹೋದ. ದೀಪಾವಳಿ ಆದ ಮೇಲೆ ಅವನು ಬಂಡಿ ಕಟ್ಟಿದ್ದು ನಿಜ. ಅದರಲ್ಲಿ ಒಂದು ಚೀಲ ಜೋಳ, ಕುಸುಬಿ, ಅಕ್ಕ. ಭಾಂಡೆಗಳು ಬನಹಟ್ಟಿಯ ಮಾಡದ ಮೇಲೇ ಉಳಿದವು.

ಕರೆವ್ವ ಬಸಗೊಂಡಪ್ಪನವರ ಶೆಡ್ಡಿಗೆ ಕಂಡಿಕಿ ಸುತ್ತಲು ಬಂದಳು. ಕಂಡಿಕಿ ಎಂದರೆ ಲಾಳಿಯೊಳಗೆ ಕೂಡುವ ನೂಲಿನ ಸುರುಳಿ; ಅದನ್ನು ಸುತ್ತುವವರು ಹೆಚ್ಚಾಗಿ ಹೆಂಗಸರೇ. ಮೊದಲ ದಿನಗಳಲ್ಲಿ ಅವಳು ಅಲ್ಲೂ ಸೆರಗಿನೊಳಗೇ ಮಾತಾಡಿದಳು. “ನಿನ್ನ ಮುಸುಗಿನ್ಯಾಗ ಏನ ಬಚ್ಚಿಟ್ಟೀ, ಬೆಲ್ಲೇನು?” ಎಂದು ಕಂಡಿಕಿ ಸುತ್ತುವ ಮರೆವ್ವ ತುಟಿಯಲ್ಲೇ ಕಾಡಿದಳು. ತಿಂಗಳೊಪ್ಪತ್ತಿನಲ್ಲಿ ಕರೆವ್ವನ ತುಟಿಯೂ ಬಿಚ್ಚಿತು. ಇಪ್ಪತ್ತು ಮಗ್ಗಗಳ ಆಚೆಯಿಂದ, ಒಂದಿಷ್ಟೂ ದನಿಯಿಲ್ಲದೆ, “ಚಟ್ನಿ ಕಟ್ಟೇನಿ, ಮರತ ಬರಬ್ಯಾಡ್ರಿ” ಎನ್ನುವಳು. ಊರಲ್ಲಿ ಅತಿ ಹೆಚ್ಚು ಗದ್ದಲವಿದ್ದ ಆ ಜಾಗದಲ್ಲಿ ಗಂಡ ಹೆಂಡತಿಗೆ ಮಾತು ಸುಲಭವಾಯಿತು.

ಶಿಬಿರದವರು ಕೊಟ್ಟ ಕಿವಿಯ ಯಂತ್ರ ಗೂಡಿನಲ್ಲಿ ಉಳಿಯಿತು. ಅದನ್ನು ಹಾಕಿಕೊಂಡರೆ ಎಲ್ಲವೂ ದೊಡ್ಡದಾಗುತ್ತಿತ್ತು, ಯಾವುದೂ ಸ್ಪಷ್ಟವಾಗುತ್ತಿರಲಿಲ್ಲ.

ಮನೆಯಲ್ಲಿ ಅವಳು ಎದುರಿಗೆ ಕೂತು ಮಾತಾಡುತ್ತಿದ್ದಳು. ಆದರೆ ಸಂಜೆಯ ಚಹಾದ ಹೊತ್ತಿಗೆ ಹುಲೆಪ್ಪ ಹಳೆಯ ಜಾಗದಲ್ಲೇ, ಅಡಿಗೆ ಮನೆಗೆ ಬೆನ್ನು ಹಾಕಿ ಕೂಡುತ್ತಿದ್ದ. “ಮಾತಾಡು” ಎನ್ನುತ್ತಿದ್ದ.

“ತಿಳೀದಿದ್ದರ ಯಾಕ ಮಾತಾಡ್ಲಿ?”

“ತಿಳೀದಿದ್ದರ ಏನಾತು? ಮಗ್ಗ ಓಡ್ಲಿ.”

ಅವಳು ರೊಟ್ಟಿ ಬಡಿಯುತ್ತ ಬಾಯಿಗೆ ಬಂದದ್ದು ಮಾತಾಡುತ್ತಿದ್ದಳು. ಮರೆವ್ವನ ಸುದ್ದಿ, ತವರಿನ ಸುದ್ದಿ, ಅವನ ಮೇಲಿನ ದೂರು. ಅವನು ಕಣ್ಣು ಅರ್ಧ ಮುಚ್ಚಿ ಕೇಳುತ್ತಿದ್ದ. ನಡೆ ಬಿರುಸಾದರೆ ಸಿಟ್ಟು, ತಡೆದು ತಡೆದು ಬಂದರೆ ಚಿಂತೆ. ತಂದೆ ಓಣಿಯ ಮಗ್ಗಗಳನ್ನು ಓದುತ್ತಿದ್ದ ಹಾಗೆ ಅವನು ಅವಳನ್ನು ಓದಿದ.

ಆದರೆ ಶೇವಂತಿಯ ಪೆಟ್ಟಿಗೆಯನ್ನು ಅವನು ಮರೆತಿರಲಿಲ್ಲ. ದಿನಾ ಇಷ್ಟಿಷ್ಟೇ ಕಡಿಮೆಯಾಗುವುದನ್ನು ಯಾವ ಕಿವಿಯೂ ಹಿಡಿಯುವುದಿಲ್ಲ. ಇದು ಪೂರ್ತಿ ಹೋಗುವ ದಿನ ತನಗೆ ಗೊತ್ತೇ ಆಗುವುದಿಲ್ಲ ಎಂದು ಒಮ್ಮೆ ಕರೆವ್ವನಿಗೆ ಹೇಳಿದ. ಅಂದಿನಿಂದ ಅವಳು ಮಾತಿನ ನಡುವೆ ಒಮ್ಮೆ ಚಟ್ಟನೆ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡಳು. ನಿಂತದ್ದು ಕಿವಿಗೆ ತಟ್ಟಿದರೆ ಅವನು ತಿರುಗಿ ನೋಡುತ್ತಿದ್ದ. “ಹೂಂ, ಐತಿ ಇನ್ನ” ಎಂದು ಅವಳು ತಲೆ ಆಡಿಸುತ್ತಿದ್ದಳು. ಮತ್ತೆ ರೊಟ್ಟಿ, ಮತ್ತೆ ಮಾತು. ಹೀಗೆ ಎಷ್ಟೋ ವರ್ಷ ನಡೆಯಿತು. ಬಸಗೊಂಡಪ್ಪ ಹೋದರು, ಅವರ ಮಕ್ಕಳು ಶೆಡ್ಡು ಹಂಚಿಕೊಂಡರು. ಹುಲೆಪ್ಪ ಈಗ ಮಗ್ಗದ ಚೌಕಟ್ಟಿಗೆ ಕೈಯಿಟ್ಟೇ ವೇಗ ನೋಡುತ್ತಿದ್ದ.

ಒಂದು ಸಂಜೆ ಅವನು ಬಸಿಯ ಚಹಾ ಮುಗಿಸಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದ. ಹಿಂದೆ ಮಗ್ಗ ಓಡುತ್ತಿತ್ತು; ಏರುತ್ತಿತ್ತು, ಇಳಿಯುತ್ತಿತ್ತು. ಇವತ್ತು ಅವಳ ಮನಸ್ಸು ನಿರಾಳವಾಗಿದೆ ಎಂದುಕೊಂಡ. ಎದುರಿಗೆ ನೆರಳು ಬಿದ್ದಂತಾಗಿ ಕಣ್ಣು ಬಿಟ್ಟ.

ಕರೆವ್ವ ಮುಂದೆ ಬಂದು ನಿಂತಿದ್ದಳು. ಕೈಗೆ ಹಿಟ್ಟು ಹತ್ತಿತ್ತು. ಬಾಯಿ ಮುಚ್ಚಿತ್ತು. ಎಷ್ಟು ಹೊತ್ತಿನಿಂದ ಮುಚ್ಚಿತ್ತೋ. ಅವನ ಕಿವಿಯಲ್ಲಿ ಮಗ್ಗ ಇನ್ನೂ ಓಡುತ್ತಲೇ ಇತ್ತು.

ಅವನು ಅವಳ ಮುಖ ನೋಡಿದ. ಮಾತು ಯಾವಾಗ ನಿಂತಿತು ಎಂದು ಹುಬ್ಬೇರಿಸಿ ಕೇಳಿದ.

ಅವಳು ಗೋಡೆಯ ಫೋಟೋದ ಕಡೆ ಒಮ್ಮೆ ನೋಡಿದಳು. ಹಿಟ್ಟಿನ ಕೈಯಿಂದಲೇ ಸೆರಗನ್ನು ತಲೆಯಿಂದ ಪೂರ್ತಿ ಹಿಂದಕ್ಕೆ ಸರಿಸಿ, ಅವನ ಮುಂದೆ ನೆಲಕ್ಕೆ ಕೂತು, ತುಟಿಗಳನ್ನು ಅಗಲವಾಗಿ ಬಿಚ್ಚಿ ಹೇಳಿದಳು:

“ಏನಿಲ್ರಿ. ಮದ್ಲಿಂದ ಹೇಳತೇನಿ.”